ದೀಪದ ಬಣ್ಣ, ಸೀರೆಯ ಬಣ್ಣ: ಡಿಜಿಟಲ್ ಛಾಯಾಚಿತ್ರದಲ್ಲಿ ಶ್ವೇತ ಸಮತೋಲನ

ಪುಣೆಯ ಹಿಂಜವಾಡಿಯಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಸ್ಥಾಪನೆಯಾದ ತರುವಾಯ ಉದ್ಯೋಗಕ್ಕಾಗಿ ಅಲ್ಲಿಗೆ ಬಂದವರಲ್ಲಿ ಕನ್ನಡಿಗರೂ ಇದ್ದಾರೆ. ಅಂತಹ ಒಂದು ಮನೆಯ ಗೃಹಪ್ರವೇಶವನ್ನು ಊಹಿಸಿಕೊಳ್ಳಬಹುದು. ಕಿಟಕಿಯಿಂದ ಮಳೆಗಾಲದ ಮೋಡದ ಬೆಳಕು, ಮೇಲೆ ಹಳದಿ ಛಾಯೆಯ ಎಲ್‌ಇಡಿ ದೀಪ, ದೇವರ ಮುಂದೆ ಎಣ್ಣೆಯ ದೀಪ. ಗೃಹಿಣಿ ಉಟ್ಟಿರುವುದು ತವರಿನಿಂದ ಬಂದ ಇಳಕಲ್ ಸೀರೆ. ಕಣ್ಣಿಗೆ ಅಚ್ಚಗೆಂಪಾಗಿ ಕಂಡ ಸೆರಗು ಚಿತ್ರದಲ್ಲಿ ಮಾತ್ರ ಕಿತ್ತಳೆಗೆ ತಿರುಗಿರುತ್ತದೆ. ಸೀರೆ ಸವೆದುಹೋದ ಮೇಲೆ ಅದರ ಬಣ್ಣಕ್ಕೆ ಉಳಿಯುವ ಸಾಕ್ಷಿ ಈ ಚಿತ್ರವೇ ಆದುದರಿಂದ ಈ ದೋಷವನ್ನು ಅಲಕ್ಷಿಸುವಂತಿಲ್ಲ.

ದೋಷ ಕ್ಯಾಮೆರಾದ್ದಲ್ಲ. ಬೆಳಕಿಗೇ ಬಣ್ಣವುಂಟು. ಅದನ್ನು ಕೆಲ್ವಿನ್ ಮಾನದಲ್ಲಿ ಅಳೆಯುತ್ತಾರೆ: ಎಣ್ಣೆಯ ದೀಪ ಸುಮಾರು 1900, ಹಳದಿ ಛಾಯೆಯ ಎಲ್‌ಇಡಿ 3000, ನಡುಹಗಲಿನ ಬಿಸಿಲು 5500, ಮೋಡ ಕವಿದ ಆಕಾಶ 6500ಕ್ಕೂ ಮೇಲು. ಅಂಕಿ ಏರಿದಂತೆ ಬೆಳಕು ನೀಲಿಯತ್ತ ಸರಿಯುತ್ತದೆ. ಕಣ್ಣು ಈ ವ್ಯತ್ಯಾಸಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಕ್ಯಾಮೆರಾದ ಸಂವೇದಕವು ಬಿದ್ದ ಬೆಳಕನ್ನು ಬಿದ್ದಂತೆಯೇ ದಾಖಲಿಸುತ್ತದೆ.

ಬಹುಪಾಲು ಕ್ಯಾಮೆರಾಗಳ ಸಂವೇದಕದ ಮೇಲೆ, ಕೊಡ್ಯಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರು 1976ರಲ್ಲಿ ಪೇಟೆಂಟ್ ಪಡೆದ ಮಾದರಿಯ ಬಣ್ಣದ ಸೋಸುಗಳಿರುತ್ತವೆ. ಅರ್ಧದಷ್ಟು ಕೋಶಗಳು ಹಸಿರನ್ನು, ಕಾಲುಭಾಗ ಕೆಂಪನ್ನು, ಇನ್ನುಳಿದ ಕಾಲುಭಾಗ ನೀಲಿಯನ್ನು ಗ್ರಹಿಸುತ್ತವೆ. ‘ರಾ’ ಕಡತದಲ್ಲಿರುವುದು ಈ ಅಳತೆಗಳೇ, ಸಾಮಾನ್ಯವಾಗಿ 12 ಅಥವಾ 14 ಬಿಟ್‌ಗಳಲ್ಲಿ. ಕೆಂಪು ಮತ್ತು ನೀಲಿ ಅಳತೆಗಳನ್ನು ತಕ್ಕ ಗುಣಕಗಳಿಂದ ಗುಣಿಸಿ, ಬಿಳಿಯ ವಸ್ತು ಬಿಳಿಯಾಗಿಯೇ ತೋರುವಂತೆ ಮಾಡುವುದು ಶ್ವೇತ ಸಮತೋಲನ. 8 ಬಿಟ್‌ಗಳ ಜೆಪೆಗ್ ಚಿತ್ರದಲ್ಲಿ ಈ ಗುಣಾಕಾರ ಮುಗಿದುಹೋಗಿರುತ್ತದೆ. ‘ರಾ’ ಕಡತದಲ್ಲಿ ಅದನ್ನು ಎಷ್ಟು ಬಾರಿ ಬದಲಿಸಿದರೂ ಮೂಲಕ್ಕೆ ಹಾನಿಯಿಲ್ಲ.

ಡಾರ್ಕ್‌ಟೇಬಲ್, ರಾಥೆರಪಿ ಮುಂತಾದ ಉಚಿತ ತಂತ್ರಾಂಶಗಳಲ್ಲಿ ಬಣ್ಣವಿಲ್ಲದ ಒಂದು ಭಾಗವನ್ನು ಗುರುತಿಸಿದರೆ ಸಾಕು, ಗುಣಕಗಳನ್ನು ಅದೇ ಲೆಕ್ಕಹಾಕುತ್ತದೆ. ಆ ಭಾಗದ ಆಯ್ಕೆಯಲ್ಲಿಯೇ ಜಾಣ್ಮೆ. ಬಿಳಿ ಪಂಚೆ ಸುಲಭದ ಗುರುತೆಂದು ತೋರುತ್ತದೆ. ಆದರೆ ಒಗೆಯುವಾಗ ನೀಲಿ ಹಾಕಿದ ಪಂಚೆಯನ್ನು ನಂಬಿದರೆ ಇಡೀ ಮನೆಯೇ ಹಳದಿಯಾಗುತ್ತದೆ. ಹೊಳಪಿನ ಬಿಳಿ ಕಾಗದವೂ ಹೀಗೆಯೇ. ಮೊದಲ ಚಿತ್ರದಲ್ಲೊಂದು ಬೂದು ಬಣ್ಣದ ಕಾರ್ಡನ್ನು ಹಿಡಿದು ತೆಗೆಯುವುದು ಉತ್ತಮ.

ಹೊಸಬರು ಎಡವುವ ಇನ್ನೊಂದು ಸ್ಥಳವುಂಟು. ತಂತ್ರಾಂಶದಲ್ಲಿ ಕೆಲ್ವಿನ್ ಅಂಕಿಯನ್ನು ಏರಿಸಿದಾಗ ಚಿತ್ರ ನೀಲಿಯಾಗದೆ ಹಳದಿಯಾಗುತ್ತದೆ. ಆ ಅಂಕಿಯು ಬೇಕಾದ ಬಣ್ಣವನ್ನಲ್ಲ, ಅಲ್ಲಿದ್ದ ಬೆಳಕನ್ನು ಸೂಚಿಸುತ್ತದೆ. ಬೆಳಕು ಅಷ್ಟು ನೀಲಿಯಾಗಿತ್ತೆಂದು ತಿಳಿದು ತಂತ್ರಾಂಶವು ಪ್ರತಿಯಾಗಿ ಹಳದಿಯನ್ನು ಕೂಡಿಸುತ್ತದೆ. ಟ್ಯೂಬ್‌ಲೈಟಿನ ಹಸಿರು ಛಾಯೆಗೆ ‘ಟಿಂಟ್’ ಎಂಬ ಬೇರೆ ಹೊಂದಾಣಿಕೆಯಿದೆ.

ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತಲ್ಲಿ ಒಂದೇ ಅಂಕಿ ಎರಡಕ್ಕೂ ಒಪ್ಪದು. ಮುಖ ಮತ್ತು ಸೀರೆಯ ಮೇಲೆ ಬಿದ್ದ ಬೆಳಕಿಗೆ ಹೊಂದಿಸಿ, ಕಿಟಕಿಯ ಬದಿ ತುಸು ನೀಲಿಯಾಗಿ ಉಳಿದರೆ ಉಳಿಯಲೆಂದು ಬಿಡುವುದೇ ಲೇಸು. ದೇವರ ದೀಪದ ಹೊಂಬಣ್ಣವನ್ನು ತೊಳೆದು ಬಿಳಿಮಾಡುವುದಂತೂ ತಿದ್ದುಪಡಿಯೆನಿಸದು. ಹಳದಿ ಬೆಳಕಿನಲ್ಲಿ ಕೆಂಪು ಸೆರಗಿನ ಕೆಂಪು ಅಳತೆ ಮಿತಿಮೀರಿದರೆ ನೇಯ್ಗೆಯ ವಿವರ ಅಳಿದುಹೋಗುತ್ತದೆ, ಯಾವ ಗುಣಕದಿಂದಲೂ ಅದು ಮರಳದು. ಆದುದರಿಂದ ಚಿತ್ರ ತೆಗೆಯುವಾಗಲೇ ಎಕ್ಸ್‌ಪೋಷರನ್ನು ತುಸು ತಗ್ಗಿಸಿಕೊಳ್ಳಬೇಕು.