ಶಾಲಾ ದಾಖಲೆಗಳ ಗಣಕ ವ್ಯವಸ್ಥೆಯಲ್ಲಿ ಬಳಕೆದಾರ ಖಾತೆಗಳ ನಿರ್ವಹಣೆ

ದಾಖಲಾತಿ ಪುಸ್ತಕವನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಮುಖ್ಯೋಪಾಧ್ಯಾಯರು ತಮ್ಮಲ್ಲಿಯೇ ಇರಿಸಿಕೊಳ್ಳುವುದು ನಮ್ಮ ಶಾಲೆಗಳ ಹಳೆಯ ರೂಢಿ. ಇಂದು ಅವೇ ದಾಖಲೆಗಳು ಗಣಕವನ್ನು ಸೇರಿವೆ. ತಮಿಳುನಾಡಿನ ಶಾಲೆಗಳು ಮಕ್ಕಳ ವಿವರಗಳನ್ನು ಎಮಿಸ್ ಎಂಬ ಶಿಕ್ಷಣ ಮಾಹಿತಿ ವ್ಯವಸ್ಥೆಯಲ್ಲಿ ನಮೂದಿಸುತ್ತವೆ. ಇದಲ್ಲದೆ, ದೇಶದ ಪ್ರತಿಯೊಂದು ಶಾಲೆಗೂ ಹನ್ನೊಂದು ಅಂಕಿಗಳ ಯು-ಡೈಸ್ ಸಂಕೇತವಿದೆ. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. ತಮಿಳುನಾಡಿಗೆ 33. ಬೀರುವಿನ ಬೀಗದ ಕೈಯ ಸ್ಥಾನದಲ್ಲಿ ಈಗ ಬಳಕೆದಾರ ಖಾತೆ ಮತ್ತು ಗುಪ್ತಪದಗಳಿವೆ.

1. ಖಾತೆಯ ಉದ್ದೇಶ

ಖಾತೆಯು ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತದೆ: ಒಳಬಂದವರು ಯಾರು? ಅವರು ಏನನ್ನು ಮಾಡಬಹುದು? ಮೊದಲನೆಯದಕ್ಕೆ ಗುರುತಿನ ದೃಢೀಕರಣ, ಎರಡನೆಯದಕ್ಕೆ ಅಧಿಕಾರ ನೀಡಿಕೆ ಎನ್ನುತ್ತೇವೆ. ಖಾತೆಗಳನ್ನು ತೆರೆಯುವ, ಅಧಿಕಾರವನ್ನು ಹಂಚುವ, ಬೇಡವಾದಾಗ ಮುಚ್ಚುವ ಹೊಣೆ ಹೊತ್ತವರೇ ನಿರ್ವಾಹಕರು.

2. ಕೆಲಸಕ್ಕೆ ತಕ್ಕಷ್ಟೇ ಅಧಿಕಾರ

ಒಬ್ಬರಿಗೆ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕೆಂಬ ತತ್ತ್ವವನ್ನು ಸಾಲ್ಟ್ಸರ್ ಮತ್ತು ಶ್ರೋಡರ್ ಎಂಬ ಗಣಕ ವಿಜ್ಞಾನಿಗಳು 1975ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ತರಗತಿ ಶಿಕ್ಷಕರಿಗೆ ತಮ್ಮ ತರಗತಿಯ ಹಾಜರಿಯನ್ನು ತುಂಬುವ ಅಧಿಕಾರ ಸಾಕು. ಇಡೀ ಶಾಲೆಯ ದಾಖಲೆಯನ್ನು ತಿದ್ದುವ ಅಧಿಕಾರ ಬೇಡ. ಇದು ಅಪನಂಬಿಕೆಯಲ್ಲ. ತಪ್ಪು ನಡೆದರೆ ಅದು ಸಣ್ಣ ವ್ಯಾಪ್ತಿಯಲ್ಲಿಯೇ ನಿಲ್ಲಲಿ ಎಂಬ ಎಚ್ಚರಿಕೆ.

3. ಒಂದು ಉದಾಹರಣೆ

ಅಂಚೆಟ್ಟಿಯ ಬೆಟ್ಟದ ಊರೊಂದರ ಕನ್ನಡ ಮಾಧ್ಯಮ ಶಾಲೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಮೊಬೈಲ್ ಸಂಪರ್ಕ ದುರ್ಬಲ. ಪೇಟೆಗೆ ಹೋಗುವ ಒಬ್ಬ ಶಿಕ್ಷಕರಿಗೆ ಉಳಿದವರೆಲ್ಲರೂ ತಮ್ಮ ಗುಪ್ತಪದಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಅವಸರದಲ್ಲಿ ಕೆಲವು ಮಕ್ಕಳ ಬೋಧನಾ ಮಾಧ್ಯಮ ‘ಕನ್ನಡ’ ಎಂದಿರಬೇಕಾದಲ್ಲಿ ‘ತಮಿಳು’ ಎಂದು ನಮೂದಾಗುತ್ತದೆ. ಕನ್ನಡ ಓದುವ ಮಕ್ಕಳ ಸಂಖ್ಯೆ ಕಾಗದದಲ್ಲಿ ಕುಗ್ಗುತ್ತದೆ. ಆ ಸಂಖ್ಯೆಯನ್ನು ನಂಬಿ ಪಠ್ಯಪುಸ್ತಕದ ಬೇಡಿಕೆಯನ್ನೋ ಶಿಕ್ಷಕರ ಅಗತ್ಯವನ್ನೋ ಲೆಕ್ಕ ಹಾಕಿದರೆ ನಷ್ಟ ಮಕ್ಕಳದು. ತಪ್ಪು ಯಾರದೆಂದು ತಿಳಿಯುವುದೂ ಕಷ್ಟ. ಏಕೆಂದರೆ ತಿದ್ದುಪಡಿಯು ದಾಖಲಾಗಿರುವುದು ಚೀಟಿ ಕೊಟ್ಟವರ ಹೆಸರಿನಲ್ಲಿ. ಅಲ್ಪಸಂಖ್ಯಾತ ಭಾಷೆಯ ಶಾಲೆಗೆ ಒಂದೊಂದು ಮಗುವಿನ ಲೆಕ್ಕವೂ ಮುಖ್ಯವೆಂಬುದನ್ನು ಶಿಕ್ಷಕರಿಗೆ ಬೇರೆ ಹೇಳಬೇಕಾಗಿಲ್ಲ.

ಪರಿಹಾರವೇನು? ವಿವರಗಳನ್ನು ಕಾಗದದಲ್ಲಿ ಬರೆದು, ಸಹಿ ಮಾಡಿ ಕಳುಹಿಸಬಹುದು. ತುಂಬುವವರು ಅಧಿಕೃತವಾಗಿ ಪಡೆದ ತಮ್ಮ ಸ್ವಂತ ಖಾತೆಯಿಂದಲೇ ತುಂಬಲಿ. ಕಳುಹಿಸಬೇಕಾದುದು ಮಾಹಿತಿಯನ್ನು, ಗುಪ್ತಪದವನ್ನಲ್ಲ.

4. ನಿರ್ವಾಹಕರ ಕರ್ತವ್ಯಗಳು

ಅ) ಒಬ್ಬರಿಗೆ ಒಂದು ಖಾತೆ, ಹಂಚಿಕೊಂಡ ಖಾತೆ ಸಲ್ಲದು.
ಆ) ಗುಪ್ತಪದ ಮರೆತವರಿಗೆ ಹೊಸದನ್ನು ರಚಿಸಿಕೊಳ್ಳಲು ಅವಕಾಶ ಕೊಡಬೇಕು. ಹಳೆಯದನ್ನು ಕೇಳುವ ಅಗತ್ಯ ನಿರ್ವಾಹಕರಿಗೂ ಇಲ್ಲ.
ಇ) ವರ್ಗಾವಣೆ ಅಥವಾ ನಿವೃತ್ತಿಯ ದಿನವೇ ಖಾತೆಯನ್ನು ನಿಷ್ಕ್ರಿಯಗೊಳಿಸಬೇಕು. ಅಳಿಸುವುದಕ್ಕಿಂತ ನಿಷ್ಕ್ರಿಯಗೊಳಿಸುವುದು ಲೇಸು. ಹಿಂದಿನ ನಮೂದುಗಳು ಯಾರವೆಂಬುದು ಉಳಿಯುತ್ತದೆ.
ಈ) ಪ್ರಭಾರ ವಹಿಸಿಕೊಡುವಾಗ ಬೀಗದ ಕೈಗಳ ಪಟ್ಟಿಯೊಡನೆ ಖಾತೆಗಳ ಪಟ್ಟಿಯೂ ಇರಲಿ.
ಉ) ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಸಿಬ್ಬಂದಿಯ ಪಟ್ಟಿಯೊಡನೆ ಹೋಲಿಸಿ ನೋಡಬೇಕು.

5. ಕಾನೂನು

ಮತ್ತೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕರಣದನ್ವಯ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಅಭ್ಯಾಸ

1. ನಿಮ್ಮ ಶಾಲೆಯಲ್ಲಿ ಯಾರಿಗೆ ಯಾವ ಅಧಿಕಾರ ಬೇಕೆಂದು ಪಟ್ಟಿ ಮಾಡಿರಿ.
2. ಖಾತೆಯನ್ನು ಅಳಿಸುವುದಕ್ಕೂ ನಿಷ್ಕ್ರಿಯಗೊಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ನಿಮ್ಮ ತರಗತಿಯ ಪ್ರತಿಯೊಂದು ಮಗುವಿನ ಮಾತೃಭಾಷೆ ಮತ್ತು ಬೋಧನಾ ಮಾಧ್ಯಮ ಸರಿಯಾಗಿ ನಮೂದಾಗಿದೆಯೇ ಎಂದು ದಾಖಲಾತಿ ಪುಸ್ತಕದೊಡನೆ ತಾಳೆ ನೋಡಿರಿ.