ದತ್ತಸಂಚಯದ ಪದಶೋಧ ಮತ್ತು ಅದರ ಕೈಪಿಡಿಯ ಪರಿಷ್ಕರಣ

ಗ್ರಂಥದ ಕೊನೆಗೆ ಅಕಾರಾದಿ ಪದಸೂಚಿಯನ್ನು ಕೊಡುವ ಪದ್ಧತಿ ಕನ್ನಡದ ಸಂಪಾದಕರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಸೂಚಿಯನ್ನು ಬಳಸುವ ಕ್ರಮವನ್ನು ಅದರ ತಲೆಯಲ್ಲಿ ನಾಲ್ಕು ಸಾಲುಗಳಲ್ಲಿ ತಿಳಿಸುವುದೂ ಉಂಟು. ಸೊನ್ನೆಯುಳ್ಳ ಪದ ಎಲ್ಲಿ ಬರುತ್ತದೆ, ಸಮಾಸಪದವನ್ನು ಪೂರ್ವಪದದಲ್ಲಿ ನೋಡಬೇಕೋ ಉತ್ತರಪದದಲ್ಲೋ ಎಂಬ ಸಂಗತಿಗಳು ಅಲ್ಲಿರುತ್ತವೆ. ಆ ನಾಲ್ಕು ಸಾಲುಗಳನ್ನು ಓದದೆ ಪುಟ ತಿರುವಿದವನು ತನಗೆ ಬೇಕಾದ ಪದವನ್ನು ಕಾಣದೆ, ಅದು ಗ್ರಂಥದಲ್ಲಿಯೇ ಇಲ್ಲವೆಂದು ಭಾವಿಸುವ ಸಂಭವವಿದೆ. ಗಣಕಯಂತ್ರವು ಸೂಚಿಯ ಕೆಲಸವನ್ನು ವಹಿಸಿಕೊಂಡ ಮೇಲೆ ಈ ಸಂಭವ ಕಡಿಮೆಯಾಗಲಿಲ್ಲ, ಹೆಚ್ಚಿತು. ಏಕೆಂದರೆ ಯಂತ್ರದ ಉತ್ತರವನ್ನು ಸಂಶಯಿಸುವವರು ವಿರಳ.

ವಚನವಾಙ್ಮಯವನ್ನೇ ತೆಗೆದುಕೊಳ್ಳಬಹುದು. ಫ. ಗು. ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮುಂದೆ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಷ್ಟು ದೊಡ್ಡ ರಾಶಿಯಲ್ಲಿ ಒಂದು ಪದವನ್ನು ಕಣ್ಣಿನಿಂದ ಹುಡುಕುವುದು ವರ್ಷಗಳ ಕೆಲಸ. ದತ್ತಸಂಚಯದಲ್ಲಿ ಅದು ಕ್ಷಣಮಾತ್ರದ್ದು. ಆದರೆ “ಇಂಥ ಪದವನ್ನು ಇಂಥ ಶರಣರು ಬಳಸಿಲ್ಲ” ಎಂಬ ನಿರ್ಣಯಕ್ಕೆ ಯಂತ್ರದ “ದೊರೆಯಲಿಲ್ಲ” ಎಂಬ ಮಾತೇ ಆಧಾರವಾದರೆ, ಅದು ಯಾವ ಅರ್ಥದಲ್ಲಿ ದೊರೆಯಲಿಲ್ಲ ಎಂಬುದನ್ನು ಕೈಪಿಡಿ ಹೇಳಬೇಕಾಗುತ್ತದೆ. ಅದನ್ನು ಹೇಳದಿದ್ದರೆ ಸಂಶೋಧನೆಯೇ ದಾರಿ ತಪ್ಪುತ್ತದೆ.

ಉದಾಹರಣೆಗೆ ‘ಎಸ್‌ಕ್ಯೂಲೈಟ್’ ಎಂಬ ದತ್ತಸಂಚಯ ತಂತ್ರಾಂಶವನ್ನು ನೋಡೋಣ. ರಿಚರ್ಡ್ ಹಿಪ್ ಎಂಬುವರು ನಿರ್ಮಿಸಿ 2000ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ, ಒಡೆತನದ ನಿರ್ಬಂಧವೂ ಇಲ್ಲ. ಜೇಬಿನ ದೂರವಾಣಿಯಲ್ಲಿಯೂ ಇದು ಅಡಗಿರುತ್ತದೆ. ಚಿಕ್ಕ ಗ್ರಂಥಭಂಡಾರಕ್ಕೆ ಇದಕ್ಕಿಂತ ಅನುಕೂಲವಾದುದು ಬೇರಿಲ್ಲವೆನ್ನಬಹುದು. ಪೂರ್ಣಪಾಠದಲ್ಲಿ ಪದಗಳನ್ನು ಹುಡುಕುವ ‘ಎಫ್‌ಟಿಎಸ್5’ ಎಂಬ ಅಂಗ 2015ರಲ್ಲಿ ಇದಕ್ಕೆ ಸೇರಿತು. ಈ ಅಂಗದ ಕೈಪಿಡಿ ಸಾಮಾನ್ಯ ಕೈಪಿಡಿಗಳಿಗಿಂತ ಬಹಳ ಮೇಲಾದುದು. ಅದರಲ್ಲಿ ಸುಳ್ಳಿಲ್ಲ, ಅಡಂಬರವಿಲ್ಲ. ಆದರೂ ಕನ್ನಡದ ಓದುಗನು ಅದನ್ನು ನಂಬಿ ನಡೆದರೆ ಎಡವುತ್ತಾನೆ. ಹಾಗೇಕಾಗುತ್ತದೆ ಎಂಬುದು ಪರಿಶೀಲನೆಗೆ ತಕ್ಕ ವಿಷಯ.

ಪಾಠವನ್ನು ಪದಗಳಾಗಿ ಒಡೆಯುವುದು ಶೋಧದ ಮೊದಲ ಹೆಜ್ಜೆ. ಯಾವ ಚಿಹ್ನೆಗಳು ಪದದ ಒಳಗಿನವು, ಯಾವುವು ಪದಗಳನ್ನು ಬೇರ್ಪಡಿಸುವಂಥವು ಎಂಬುದನ್ನು ಯೂನಿಕೋಡ್ ವರ್ಗಗಳಿಂದ ನಿರ್ಧರಿಸಲಾಗುತ್ತದೆ. ಬೇರೇನನ್ನೂ ಹೇಳದಿದ್ದಲ್ಲಿ ‘ಎಲ್’ ಎಂಬ ಅಕ್ಷರವರ್ಗ, ‘ಎನ್’ ಎಂಬ ಸಂಖ್ಯಾವರ್ಗ ಮತ್ತು ‘ಸಿಓ’ ಎಂಬ ಖಾಸಗಿ ಬಳಕೆಯ ವರ್ಗ ಮಾತ್ರ ಪದದ ಭಾಗಗಳೆಂದು ಕೈಪಿಡಿ ಹೇಳುತ್ತದೆ. ಈ ಮಾತು ಅಕ್ಷರಶಃ ಸತ್ಯ. ಆದರೆ ಯೂನಿಕೋಡಿನ ಲೆಕ್ಕದಲ್ಲಿ ಕನ್ನಡದ ಗುಡಿಸು, ಕೊಂಬು, ಎತ್ವ, ಓತ್ವಗಳೂ ಸೊನ್ನೆಯೂ ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆಯೂ ಅಕ್ಷರಗಳಲ್ಲ; ಅವು ‘ಎಂಎನ್’, ‘ಎಂಸಿ’ ಎಂಬ ಚಿಹ್ನಾವರ್ಗಕ್ಕೆ ಸೇರಿದವು. ಆದುದರಿಂದ ಕಾಗುಣಿತದ ಪ್ರತಿಯೊಂದು ಚಿಹ್ನೆಯ ಬಳಿಯೂ ಯಂತ್ರವು ಪದವನ್ನು ಕತ್ತರಿಸುತ್ತದೆ.

ಇದರ ಪರಿಣಾಮ ವಿಚಿತ್ರವಾಗಿದೆ. ‘ಲಿಂಗ’ ಎಂಬುದು ‘ಲ’, ‘ಗ’ ಎಂಬ ಎರಡು ತುಣುಕುಗಳಾಗುತ್ತದೆ. ಶೋಧಕನು ‘ಲಿಂಗ’ ಎಂದು ಕೇಳಿದಾಗ ಯಂತ್ರವು ಈ ಎರಡು ತುಣುಕುಗಳು ಒಂದರ ಬಳಿಯಲ್ಲೊಂದು ಇರುವ ಎಡೆಗಳನ್ನೆಲ್ಲ ಎತ್ತಿಕೊಡುತ್ತದೆ. ‘ಮೇಲೆ ಗುರು’ ಎಂಬ ಮಾತೂ ಅದಕ್ಕೆ ಲಿಂಗವೇ ಆಗಿಬಿಡುತ್ತದೆ. ‘ಭಕ್ತ’, ‘ಭಕ್ತಿ’ ಎಂಬುವು ಬೇರೆಯಾಗಿ ಉಳಿಯುವುದಿಲ್ಲ. ‘ಹರ’ ಎಂದು ಹುಡುಕಿದವನಿಗೆ ‘ಹರಿ’ಯೂ ದೊರೆಯುತ್ತಾನೆ, ಪುರಾತನ ವಾಗ್ವಾದವೊಂದನ್ನು ಯಂತ್ರವು ಇಷ್ಟು ಸುಲಭವಾಗಿ ಪರಿಹರಿಸಿದ್ದನ್ನು ಕಂಡು ನಗು ಬಾರದಿರದು. ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಪರೀಕ್ಷಿಸುವವನು ಮೊದಲು ‘ವಚನ’ ಎಂದು ಹುಡುಕಿದರೆ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಆ ಪದದಲ್ಲಿ ಗುಣಿತಚಿಹ್ನೆಯೇ ಇಲ್ಲವಲ್ಲ! ಮೂರು ಅಕ್ಷರಗಳೂ ಇಡಿಯಾಗಿ ಉಳಿಯುತ್ತವೆ, ಪರೀಕ್ಷಕನು ಸಮಾಧಾನದಿಂದ ಏಳುತ್ತಾನೆ.

ಪರಿಹಾರವೂ ಕೈಪಿಡಿಯಲ್ಲಿಯೇ ಇದೆ. ವರ್ಗಗಳ ಪಟ್ಟಿಯನ್ನು ಬದಲಿಸಲು ಅವಕಾಶವಿದ್ದು, ‘ಎಂಎನ್’ ಮತ್ತು ‘ಎಂಸಿ’ ವರ್ಗಗಳನ್ನು ಸೇರಿಸಿದರೆ ಕನ್ನಡದ ಪದಗಳು ಇಡಿಯಾಗಿ ನಿಲ್ಲುತ್ತವೆ. ಆದರೆ ಈ ಸೌಲಭ್ಯ ಯಾರಿಗೆ ಅಗತ್ಯ ಎಂಬುದು ಅಲ್ಲಿನ ಮಾತಿನಿಂದ ಹೊಳೆಯದು. ವರ್ಗಗಳ ಹೆಸರನ್ನು ಬಲ್ಲವನಿಗೆ ಮಾತ್ರ ಆ ವಾಕ್ಯ ಅರ್ಥವಾಗುತ್ತದೆ. ಬಲ್ಲವನಿಗೆ ಅದರ ಅಗತ್ಯ ಕಡಿಮೆ. ಕನ್ನಡವೋ ತಮಿಳೋ ಹಿಂದಿಯೋ, ಯಾವುದಾದರೊಂದು ಭಾಷೆಯ ಒಂದೇ ಉದಾಹರಣೆ ಅಲ್ಲಿದ್ದಿದ್ದರೆ ಓದುಗನಿಗೆ ಬೇಕಾದ ಎಚ್ಚರಿಕೆ ದೊರೆಯುತ್ತಿತ್ತು.

ಎರಡನೆಯ ಎಡವು ‘ಅಕ್ಷರ’ ಎಂಬ ಮಾತಿನಲ್ಲಿದೆ. 2020ರಲ್ಲಿ ‘ಟ್ರೈಗ್ರಾಮ್’ ಎಂಬ ಇನ್ನೊಂದು ವಿಧಾನ ಸೇರಿತು. ಇದು ಪಾಠವನ್ನು ಮೂರು ಮೂರು ಅಕ್ಷರಗಳ ಗುಂಪುಗಳಾಗಿ ಮಾಡಿ, ಪದದ ನಡುವಿನ ಭಾಗವನ್ನೂ ಹುಡುಕಿಕೊಡುತ್ತದೆ. ಪ್ರತ್ಯಯಗಳೂ ಸಮಾಸಗಳೂ ತುಂಬಿದ ಕನ್ನಡಕ್ಕೆ ಇದು ದೊಡ್ಡ ಉಪಕಾರ. ‘ಇಷ್ಟಲಿಂಗಕ್ಕೆ’ ಎಂಬುದರಲ್ಲಿಯೂ ‘ಲಿಂಗ’ ಕಾಣಸಿಗುತ್ತದೆ. ಮೂರು ಅಕ್ಷರಕ್ಕಿಂತ ಚಿಕ್ಕ ಪದ ಮಾತ್ರ ಸಿಗುವುದಿಲ್ಲವೆಂದು ಕೈಪಿಡಿ ಸ್ಪಷ್ಟವಾಗಿ ತಿಳಿಸುತ್ತದೆ. ಆದರೆ ಇಲ್ಲಿ ಅಕ್ಷರವೆಂದರೆ ಶಾಲೆಯಲ್ಲಿ ಕಲಿತ ಅಕ್ಷರವಲ್ಲ, ಯೂನಿಕೋಡಿನ ಒಂದು ಸಂಕೇತ. ‘ಗುರು’ ಎಂಬ ಎರಡಕ್ಷರದ ಪದದಲ್ಲಿ ಎರಡು ಕೊಂಬುಗಳೂ ಸೇರಿ ನಾಲ್ಕು ಸಂಕೇತಗಳಿವೆ. ‘ಶಿವ’ದಲ್ಲಿ ಮೂರು. ‘ಹರ’, ‘ಮಠ’ ಇವುಗಳಲ್ಲಿ ಎರಡೇ. ನಾಲ್ಕೂ ಎರಡಕ್ಷರದ ಪದಗಳೇ ಆದರೂ ಗುರುವೂ ಶಿವನೂ ದೊರೆಯುತ್ತಾರೆ, ಹರನೂ ಮಠವೂ ದೊರೆಯುವುದಿಲ್ಲ. ಇದರಲ್ಲಿ ಏನು ನಿಯಮವಿದೆಯೆಂದು ವಿದ್ಯಾರ್ಥಿಯೊಬ್ಬನು ಕೇಳಿದರೆ, ಕೈಪಿಡಿಯನ್ನು ಹಿಡಿದು ಉತ್ತರಿಸುವುದು ಅಧ್ಯಾಪಕನಿಗೆ ಕಷ್ಟ. ಇಂಥ ಚಿಕ್ಕ ಪದಗಳಿಗೆ ‘ಲೈಕ್’ ಎಂಬ ಹಳೆಯ ಆಜ್ಞೆಯನ್ನು ಬಳಸಬಹುದು. ಅದು ಎಲ್ಲ ಸಾಲುಗಳನ್ನೂ ಓದುವುದರಿಂದ ನಿಧಾನವಾದರೂ ಯಾವುದನ್ನೂ ಬಿಡುವುದಿಲ್ಲ.

ಬರವಣಿಗೆಯ ಭೇದವೂ ಒಂದು ತೊಡಕು. ‘ದಾಸೋಹ’ದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಪಾಠವನ್ನು ಸಂಚಯಕ್ಕೆ ಸೇರಿಸುವ ಮೊದಲೇ ಏಕರೂಪಕ್ಕೆ ತರುವುದು ಇದಕ್ಕೆ ಉಪಾಯ.

ಇಂಥ ಕೈಪಿಡಿಯನ್ನು ಪರಿಶೀಲಿಸುವ ಕೆಲಸ ತಂತ್ರಜ್ಞನೊಬ್ಬನಿಂದಲೇ ಆಗತಕ್ಕುದಲ್ಲ. ತಂತ್ರಾಂಶವನ್ನು ಬರೆದವನಿಗೆ ಅದರ ಒಳಗು ಗೊತ್ತಿರುವುದರಿಂದ, ಹೇಳದೆ ಬಿಟ್ಟದ್ದು ಅವನ ಗಮನಕ್ಕೇ ಬರುವುದಿಲ್ಲ. ಕಾಗುಣಿತ ಕಲಿಸಿ ಅಭ್ಯಾಸವಿರುವ ಕನ್ನಡ ಪಂಡಿತರೊಬ್ಬರು ಅವನ ಪಕ್ಕದಲ್ಲಿ ಕುಳಿತು, ಕೈಪಿಡಿಯ ಒಂದೊಂದು ವಾಕ್ಯವನ್ನೂ ಓದಿ, ಅದರಂತೆ ಯಂತ್ರದಲ್ಲಿ ಬೆರಳಚ್ಚಿಸಿ, ದೊರೆತುದನ್ನೂ ದೊರೆಯದಿದ್ದುದನ್ನೂ ಬರೆದಿಡಬೇಕು. ಪರೀಕ್ಷೆಯ ಪದಗಳನ್ನು ಆರಿಸುವಲ್ಲಿಯೂ ವಿವೇಕ ಬೇಕು: ಗುಣಿತವಿಲ್ಲದ್ದು, ಗುಣಿತವುಳ್ಳದ್ದು, ಸೊನ್ನೆಯುಳ್ಳದ್ದು, ಒತ್ತಕ್ಷರವುಳ್ಳದ್ದು, ಪ್ರತ್ಯಯ ಹತ್ತಿದ್ದು. ಅನುಭವಿಯಾದ ಅಧ್ಯಾಪಕರು ಈ ಪಟ್ಟಿಯನ್ನು ಹತ್ತು ನಿಮಿಷದಲ್ಲಿ ಮಾಡಿಕೊಟ್ಟಾರು.

ಹಾಗೆ ಪರಿಷ್ಕರಿಸಿದ ಪುಟದ ಮೊದಲ ಸಾಲುಗಳು ಸುಮಾರಾಗಿ ಹೀಗಿರಬಹುದು: “ಕನ್ನಡ ಪಾಠಕ್ಕೆ ಕೋಷ್ಟಕವನ್ನು ರಚಿಸುವಾಗಲೇ ಚಿಹ್ನಾವರ್ಗಗಳೆರಡನ್ನೂ ಸೇರಿಸಿರಿ, ಸೇರಿಸದಿದ್ದರೆ ‘ಹರ’ ಎಂಬುದಕ್ಕೆ ‘ಹರಿ’ಯೂ ಉತ್ತರವಾಗಿ ಬರುವುದು. ಈಗಾಗಲೇ ರಚಿಸಿದ ಕೋಷ್ಟಕದಲ್ಲಿ ಇದನ್ನು ತಿದ್ದಲಾಗದು, ಹೊಸತನ್ನು ರಚಿಸಿ ಪಾಠವನ್ನು ಮತ್ತೆ ತುಂಬಬೇಕು. ಪದದ ನಡುಭಾಗವನ್ನು ಹುಡುಕಲು ಟ್ರೈಗ್ರಾಮ್ ವಿಧಾನವನ್ನು ಬಳಸಿರಿ. ಆದರೆ ಅದರಲ್ಲಿ ‘ಹರ’, ‘ಮಠ’ದಂಥ ಪದಗಳು ದೊರೆಯವು, ಅವುಗಳಿಗೆ ಲೈಕ್ ಆಜ್ಞೆಯನ್ನು ಬಳಸಿರಿ. ಪದ ದೊರೆಯದಿದ್ದರೆ ಅದು ಪಾಠದಲ್ಲಿ ಇಲ್ಲವೆಂದು ತಿಳಿಯುವ ಮೊದಲು, ಪ್ರತ್ಯಯ ಸೇರಿದ ರೂಪಗಳನ್ನೂ ಒಮ್ಮೆ ಹುಡುಕಿ ನೋಡಿರಿ.” ಈ ಪುಟವನ್ನು ತಂತ್ರಾಂಶದ ಪರಿಚಯವೇ ಇಲ್ಲದ ಗ್ರಂಥಪಾಲಕರೊಬ್ಬರ ಕೈಗಿತ್ತು, ಅವರಿಂದಲೇ ಈ ಪದಗಳನ್ನು ಹುಡುಕಿಸಿ, ಅವರು ತಡವರಿಸಿದ ಸಾಲುಗಳನ್ನು ಇನ್ನೊಮ್ಮೆ ತಿದ್ದುವುದು ಉಳಿದಿರುವ ಕೆಲಸ.