ಪದಕದ ಅಂಚು

ಹಳೆಯ ಪದಕಗಳನ್ನು ಸಂಗ್ರಹಿಸುವವರು ಮೊದಲು ನೋಡುವುದು ಅದರ ಅಂಚನ್ನು. ಏಕೆಂದರೆ ಪದಕವನ್ನು ಪಡೆದವನ ಗುರುತು ಅಲ್ಲಿರುತ್ತದೆ.

ಇಂದಿನ ಕಮಲನಗರದ ಸೀಮೆಯು ಹಿಂದೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಆ ಸಂಸ್ಥಾನದ ಅಶ್ವದಳವು ಮೈಸೂರು ಮತ್ತು ಜೋಧಪುರದ ಅಶ್ವದಳಗಳೊಡನೆ ಒಂದೇ ಬ್ರಿಗೇಡಿನಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದುಕೊಂಡದ್ದು ಈ ಬ್ರಿಗೇಡೇ. ಆ ಮಹಾಯುದ್ಧದ ಸೇವೆಗಾಗಿ ನೀಡಲಾದ ಬ್ರಿಟಿಷ್ ಯುದ್ಧ ಪದಕವು ಬೆಳ್ಳಿಯದು. ಅದರ ವ್ಯಾಸ 36 ಮಿಲಿಮೀಟರ್. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರ, ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು ಮತ್ತು ದಳ.

ಇಂತಹ ಪದಕಗಳಿಗೆ ನಕಲುಗಳೂ ಉಂಟು. ಅಸಲು ಪದಕವನ್ನು ಅಚ್ಚೊತ್ತಿ ಮಾಡುತ್ತಾರೆ. ಆದುದರಿಂದ ಅದರ ಗೆರೆಗಳು ಚೂಪಾಗಿರುತ್ತವೆ. ಅಸಲಿನಿಂದ ಪಡಿಯಚ್ಚು ತೆಗೆದು ಎರಕ ಹೊಯ್ದ ನಕಲು, ಲೋಹವು ಆರುವಾಗ ಕುಗ್ಗುವುದರಿಂದ, ತುಸು ಚಿಕ್ಕದಾಗುತ್ತದೆ. ಗೆರೆಗಳು ಮಸುಕಾಗಿ, ಮೈಮೇಲೆ ಸಣ್ಣ ಕುಳಿಗಳು ಕಾಣುತ್ತವೆ. ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮವಾದುದು. ಅಸಲು ಪದಕದ ಹೆಸರನ್ನೇ ಅರದಿಂದ ಉಜ್ಜಿ ತೆಗೆದು, ಹೆಚ್ಚು ಬೆಲೆ ತರುವ ಬೇರೊಂದು ಹೆಸರನ್ನು ಕೆತ್ತುತ್ತಾರೆ. ಉಜ್ಜಿದ ಅಂಚು ಸವೆದಿರುವುದರಿಂದ ಅಳತೆಯೇ ಅದನ್ನು ಹೊರಗೆಡಹುತ್ತದೆ. ಕೊನೆಯ ಪರೀಕ್ಷೆ ದಾಖಲೆಯದು. ಅಂಚಿನ ಹೆಸರು ಸೈನ್ಯದ ಪದಕಪಟ್ಟಿಗೆ ಹೊಂದಬೇಕು.

ಮನೆಯ ಪೆಟ್ಟಿಗೆಯಲ್ಲಿ ಇಂತಹ ಬಿಲ್ಲೆ ದೊರೆತರೆ ಅದನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಬಾರದು, ಅಕ್ಷರಗಳು ಸವೆಯುತ್ತವೆ. ಅಕ್ಕಸಾಲೆಯ ಮೂಸೆಗೆ ಹಾಕುವುದಂತೂ ಸಲ್ಲದು. ಕರಗಿದ ಬೆಳ್ಳಿಗೆ ಬೆಲೆ ಬಂದೀತು. ಆದರೆ ಅದರ ಅಂಚಿನಲ್ಲಿದ್ದ ಹೆಸರು ಎಷ್ಟೋ ವೇಳೆ ಆ ಸಾಮಾನ್ಯ ಸೈನಿಕನು ಉಳಿಸಿಹೋದ ಒಂದೇ ಬರಹವಾಗಿರುತ್ತದೆ.